ರೀಪರ್ ಅರೇಂಜ್ ವಿಂಡೋ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ರೀಪರ್ ಎಂಬುದು ಹಾಡು ರೆಕಾರ್ಡ್ ಮಾಡಿ, ಕತ್ತರಿಸಿ ಜೋಡಿಸುವ ಕಂಪ್ಯೂಟರ್ ಸಾಫ್ಟ್‌ವೇರ್. ಅದನ್ನು ತೆರೆದಾಗ ಎದುರಿಗೆ ಕಾಣುವ ದೊಡ್ಡ ಕಿಟಕಿಯೇ ಅರೇಂಜ್ ವಿಂಡೋ. ಎಡಕ್ಕೆ ಟ್ರ್ಯಾಕ್ ಪ್ಯಾನೆಲ್, ಮೇಲೆ ಸಮಯ ತೋರಿಸುವ ರೂಲರ್, ನಡುವೆ ಐಟಂಗಳು ಅಂದರೆ ರೆಕಾರ್ಡ್ ಆದ ತುಣುಕುಗಳು, ಕೆಳಗೆ ಪ್ಲೇ, ರೆಕಾರ್ಡ್ ಗುಂಡಿಗಳಿರುವ ಟ್ರಾನ್ಸ್‌ಪೋರ್ಟ್ ಪಟ್ಟಿ. ಇಲ್ಲಿ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ನಿಜವಾಗಿ ಕೆಟ್ಟಿದ್ದಲ್ಲ. ಕೈತಪ್ಪಿ ಒತ್ತಿದ ಒಂದು ಕೀ ಯಾವುದೋ ಮೋಡನ್ನು ಆನ್ ಮಾಡಿರುತ್ತದೆ, ಅಷ್ಟೇ. ಹಾಗಿರುವಾಗ ಸಾಫ್ಟ್‌ವೇರ್ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ ಪ್ರಯೋಜನವಿಲ್ಲ. ಸೆಟ್ಟಿಂಗ್‌ಗಳು ಬೇರೆ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತವೆ, ಕೆಲವು ಮೋಡ್‌ಗಳಂತೂ ಪ್ರಾಜೆಕ್ಟ್ ಫೈಲಿನ ಒಳಗೇ ಕೂತಿರುತ್ತವೆ.

ಕೆಳಗಿನ ಕೀಗಳು ವಿಂಡೋಸ್‌ನವು, ಯಾರೂ ಬದಲಿಸದ ಮೂಲ ಸ್ಥಿತಿಯವು. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಷನ್ ಎಂದು ಓದಿಕೊಳ್ಳಿ.

ಮುಟ್ಟುವ ಮುನ್ನ

ಫೈಲ್ ಮೆನುವಿನಲ್ಲಿ ಸೇವ್ ಆ್ಯಸ್ ಒತ್ತಿ, ಪ್ರಾಜೆಕ್ಟನ್ನು ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಉಳಿಸಿ. ಪರೀಕ್ಷೆಗಳೆಲ್ಲ ಆ ಪ್ರತಿಯ ಮೇಲೆ ನಡೆಯಲಿ. ಪ್ರಾಜೆಕ್ಟ್ ಫೈಲಿನಲ್ಲಿ ಧ್ವನಿ ಇರುವುದಿಲ್ಲ, ಯಾವ ಐಟಂ ಎಲ್ಲಿ ಎಂಬ ಲೆಕ್ಕವಷ್ಟೇ ಇರುತ್ತದೆ. ಹಾಗಾಗಿ ಪ್ರತಿ ಮಾಡುವುದಕ್ಕೆ ಜಾಗವೂ ಬೇಡ, ಸಮಯವೂ ಬೇಡ.

ಹೆಡ್‌ಫೋನನ್ನು ಕಿವಿಯಿಂದ ತೆಗೆದು, ವಾಲ್ಯೂಮ್ ಪೂರ್ತಿ ಇಳಿಸಿಕೊಳ್ಳಿ. ಸದ್ದಿಲ್ಲವೆಂದು ಒಂದೊಂದೇ ಗುಂಡಿ ಒತ್ತುತ್ತ ಹೋದಾಗ ಸರಿಯಾದ ಗುಂಡಿ ಸಿಕ್ಕ ಕ್ಷಣವೇ ಪೂರ್ಣ ವಾಲ್ಯೂಮಿನಲ್ಲಿ ಸದ್ದು ಸಿಡಿಯುತ್ತದೆ. ಕಿವಿಗೆ ಅನ್‌ಡೂ ಇಲ್ಲ.

ಮೂರನೆಯದು, ಕಂಟ್ರೋಲ್-ಆಲ್ಟ್-ಝಡ್ ಒತ್ತಿ ಅನ್‌ಡೂ ಹಿಸ್ಟರಿ ತೆರೆಯಿರಿ. ಕೊನೆಯಲ್ಲಿ ಏನೇನು ಮಾಡಿದಿರಿ ಎಂಬುದು ಹೆಸರು ಸಮೇತ ಸಾಲಾಗಿ ಇರುತ್ತದೆ. ಐಟಂ ಸರಿಸಿದ್ದು, ಕತ್ತರಿಸಿದ್ದು, ಅಳಿಸಿದ್ದು ಅಲ್ಲಿ ದಾಖಲಾಗಿರುತ್ತವೆ. ಝೂಮ್, ಸ್ಕ್ರೋಲ್‌ನಂಥ ಬರೀ ನೋಟದ ಬದಲಾವಣೆಗಳು ಸಾಮಾನ್ಯವಾಗಿ ಇರುವುದಿಲ್ಲ. ಐಟಂ ಕಾಣಿಸುತ್ತಿಲ್ಲ, ಆದರೆ ಹಿಸ್ಟರಿಯಲ್ಲಿ ಅಳಿಸಿದ ಸಾಲೇ ಇಲ್ಲ ಎಂದರೆ ಅದು ಎಲ್ಲೂ ಹೋಗಿಲ್ಲ, ನಿಮ್ಮ ಕಣ್ಣಿಗೆ ಬೀಳುತ್ತಿಲ್ಲ. ಈ ಒಂದು ಪರೀಕ್ಷೆಯಿಂದಲೇ ಅರ್ಧ ಗಾಬರಿ ಇಳಿಯುತ್ತದೆ.

ಕಿಟಕಿ ಖಾಲಿ, ಅಥವಾ ಕೆಲವು ಟ್ರ್ಯಾಕ್‌ಗಳು ಮಾಯ

ಮೊದಲು ಕಂಟ್ರೋಲ್-ಪೇಜ್‌ಡೌನ್. ಇಡೀ ಪ್ರಾಜೆಕ್ಟ್ ಕಿಟಕಿಯೊಳಗೆ ಬರುವಷ್ಟು ಝೂಮ್ ಹಿಂದಕ್ಕೆ ಹೋಗುತ್ತದೆ. ರೀಪರ್‌ನಲ್ಲಿ ಬರೀ ಮೌಸ್ ಚಕ್ರ ತಿರುಗಿಸಿದರೆ ಸ್ಕ್ರೋಲ್ ಆಗುವುದಿಲ್ಲ, ಅಡ್ಡಕ್ಕೆ ಝೂಮ್ ಆಗುತ್ತದೆ. ಬೇರೆ ಸಾಫ್ಟ್‌ವೇರಿನಿಂದ ಬಂದವರು ಎಡವುವುದು ಇಲ್ಲೇ: ನಾಲ್ಕು ಸುತ್ತು ತಿರುಗಿಸಿದರೆ ನಾಲ್ಕು ನಿಮಿಷದ ಹಾಡಿನ ಅರ್ಧ ಸೆಕೆಂಡು ಮಾತ್ರ ಪರದೆ ತುಂಬ ನಿಂತಿರುತ್ತದೆ. ಅಡ್ಡಕ್ಕೆ ಸರಿಯಲು ಆಲ್ಟ್ ಹಿಡಿದು ತಿರುಗಿಸಿ, ಟ್ರ್ಯಾಕ್‌ಗಳ ಎತ್ತರ ಹೆಚ್ಚು ಕಡಿಮೆ ಮಾಡಲು ಕಂಟ್ರೋಲ್ ಹಿಡಿದು ತಿರುಗಿಸಿ.

ಕೆಲವು ಟ್ರ್ಯಾಕ್ ಮಾತ್ರ ಕಾಣದಿದ್ದರೆ ಅವುಗಳ ಮೇಲಿರುವ ಫೋಲ್ಡರ್ ಟ್ರ್ಯಾಕಿನ ಪುಟ್ಟ ಫೋಲ್ಡರ್ ಚಿತ್ರ ಒತ್ತಿ ನೋಡಿ. ಒತ್ತಿದಂತೆಲ್ಲ ಒಳಗಿನ ಟ್ರ್ಯಾಕ್‌ಗಳು ಕುಗ್ಗುತ್ತವೆ, ಮತ್ತೆ ಬಿಚ್ಚಿಕೊಳ್ಳುತ್ತವೆ. ಅದೂ ಅಲ್ಲವೆಂದರೆ ವ್ಯೂ ಮೆನುವಿನಲ್ಲಿ ಟ್ರ್ಯಾಕ್ ಮ್ಯಾನೇಜರ್ ತೆರೆಯಿರಿ. ಪ್ರಾಜೆಕ್ಟಿನ ಎಲ್ಲ ಟ್ರ್ಯಾಕ್‌ಗಳೂ ಅಲ್ಲಿ ಪಟ್ಟಿಯಾಗಿರುತ್ತವೆ. ಅರೇಂಜ್ ವಿಂಡೋಗೂ ಮಿಕ್ಸರಿಗೂ ಕಾಣಿಸುವ ಗುರುತು ಬೇರೆ ಬೇರೆ. ಮಿಕ್ಸರಿನಲ್ಲಿ ಇದ್ದು ಇಲ್ಲಿ ಇಲ್ಲದ ಟ್ರ್ಯಾಕ್ ಎಂದರೆ ಮೊದಲನೆಯ ಗುರುತು ಹೋಗಿದೆ ಎಂದೇ ಅರ್ಥ.

ಎಡಗಡೆಯ ಪ್ಯಾನೆಲ್ ಪೂರ್ತಿ ಕಾಣೆಯಾಗಿದ್ದರೆ ಕಿಟಕಿಯ ಎಡ ಅಂಚಿಗೆ ಮೌಸ್ ಒಯ್ಯಿರಿ. ಬಾಣ ಎರಡು ತುದಿಯದಾದಾಗ ಬಲಕ್ಕೆ ಎಳೆಯಿರಿ.

ಐಟಂ ಇದೆ, ಸದ್ದಿಲ್ಲ

ಇಲ್ಲಿ ಗುಂಡಿಗಳನ್ನು ಒತ್ತುತ್ತ ಹೋಗಬೇಡಿ. ಪ್ಲೇ ಒತ್ತಿ ಮೀಟರುಗಳನ್ನು ನೋಡಿ, ಸದ್ದು ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಅವೇ ತೋರಿಸುತ್ತವೆ.

ಟ್ರ್ಯಾಕಿನ ಮೀಟರೂ ಅಲ್ಲಾಡುತ್ತಿಲ್ಲವೆಂದರೆ ತೊಂದರೆ ಐಟಂನಲ್ಲಿ ಅಥವಾ ಟ್ರ್ಯಾಕಿನಲ್ಲಿ. ಮ್ಯೂಟ್ ಗುಂಡಿ ನೋಡಿ. ಆಮೇಲೆ ಇನ್ನಾವ ಟ್ರ್ಯಾಕಿನಲ್ಲಾದರೂ ಸೋಲೊ (ಆ ಟ್ರ್ಯಾಕ್ ಮಾತ್ರ ಕೇಳಿಸುವ ಗುಂಡಿ) ಉರಿಯುತ್ತಿದೆಯೇ ಎಂದು ಮೇಲಿನಿಂದ ಕೆಳಗಿನವರೆಗೆ ನೋಡಿ. ಮಡಚಿಟ್ಟ ಫೋಲ್ಡರಿನೊಳಗೆ ಸೋಲೊ ಆಗಿ ಕೂತ ತಂಬೂರಿ ಟ್ರ್ಯಾಕ್ ಮಿಕ್ಕೆಲ್ಲರ ಬಾಯಿ ಮುಚ್ಚಿಸಿರುತ್ತದೆ, ಆದರೆ ಅದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಕೀ ಒತ್ತಿ ಆ್ಯಕ್ಷನ್ ಲಿಸ್ಟ್ ತೆರೆದು, ಅನ್‌ಸೋಲೊ ಆಲ್ ಟ್ರ್ಯಾಕ್ಸ್ ಎಂದು ಹುಡುಕಿ ನಡೆಸಿದರೆ ಎಲ್ಲವೂ ಒಟ್ಟಿಗೆ ಬಿಡುಗಡೆಯಾಗುತ್ತವೆ. ಇದೂ ಅಲ್ಲವೆಂದರೆ ಐಟಂ ಆರಿಸಿ ಎಫ್2 ಒತ್ತಿ. ಬರೀ ಆ ಐಟಂ ಮ್ಯೂಟ್ ಆಗಿರುವುದು ಅಲ್ಲಿ ತಿಳಿಯುತ್ತದೆ. ಒಂದೇ ಜಾಗದಲ್ಲಿ ಹಲವು ಸಲ ಹಾಡಿಸಿದ್ದರೆ ಒಂದು ಟೇಕ್ ಮಾತ್ರ ನುಡಿಯುತ್ತದೆ, ಕಂಟ್ರೋಲ್-ಎಲ್ ಒತ್ತಿದರೆ ಎಲ್ಲ ಟೇಕ್‌ಗಳೂ ಒಂದರ ಕೆಳಗೊಂದು ಕಾಣುತ್ತವೆ. 2023ರಲ್ಲಿ ಬಂದ 7ನೇ ಆವೃತ್ತಿಯಿಂದ ಲೇನ್‌ಗಳೂ ಇವೆ. ಅಲ್ಲೂ ಆರಿಸಿದ ಲೇನ್ ನುಡಿಯುತ್ತದೆ, ಉಳಿದವು ಕಾಣುತ್ತವೆ, ಕೇಳುವುದಿಲ್ಲ.

ಮಿಡಿ ಐಟಂ ಆದರೆ ಅದರಲ್ಲಿ ಧ್ವನಿಯೇ ಇರುವುದಿಲ್ಲ, ಯಾವ ಸ್ವರ ಯಾವಾಗ ಎಂಬ ಸೂಚನೆ ಮಾತ್ರ. ಟ್ರ್ಯಾಕಿನ ಎಫ್‌ಎಕ್ಸ್ ಗುಂಡಿ ಒತ್ತಿ ರೀಪರ್ ಜೊತೆಯಲ್ಲೇ ಬರುವ ರಿಯಾಸಿಂತ್ ಹಾಕಿ ನೋಡಿ. ಅದರಲ್ಲಿ ಪೀಪಿಯ ಸದ್ದು ಬಂದರೆ ಟ್ರ್ಯಾಕ್ ಸರಿಯಿದೆ, ನಿಮ್ಮ ವಾದ್ಯದ ಪ್ಲಗಿನ್ ತೆರೆದುಕೊಂಡಿಲ್ಲ.

ಟ್ರ್ಯಾಕಿನ ಮೀಟರ್ ಅಲ್ಲಾಡುತ್ತಿದೆ, ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರಿನದು ಸತ್ತಿದೆ ಎಂದಾದರೆ ಟ್ರ್ಯಾಕಿನ ರೂಟ್ ಗುಂಡಿ ಒತ್ತಿ ಮಾಸ್ಟರ್ ಸೆಂಡ್ ಗುರುತು ಇದೆಯೇ ನೋಡಿ. ಮಾಸ್ಟರ್ ತಾನಾಗಿಯೇ ಮ್ಯೂಟ್ ಆಗುವುದೂ ಉಂಟು. ವಿಪರೀತ ಸದ್ದು ಬಂದಾಗ ಸ್ಪೀಕರನ್ನೂ ಕಿವಿಯನ್ನೂ ಕಾಯಲು ರೀಪರ್‌ನಲ್ಲಿ ಅಂಥದೊಂದು ಏರ್ಪಾಡಿದೆ. ಹಾಗಾಗಿದ್ದರೆ ಮ್ಯೂಟ್ ತೆಗೆಯುವ ಮುನ್ನ ಆ ಸದ್ದು ಎಲ್ಲಿಂದ ಬಂತೆಂದು ಪತ್ತೆ ಮಾಡಿ. ಸಾಮಾನ್ಯವಾಗಿ ಕೊನೆಗೆ ಹಾಕಿದ ಪ್ಲಗಿನ್, ಇಲ್ಲವೇ ಸೆಂಡ್ ಸುತ್ತಿ ತನ್ನಲ್ಲಿಗೇ ಮರಳುವ ಟ್ರ್ಯಾಕ್ ಕಾರಣವಾಗಿರುತ್ತದೆ.

ಮಾಸ್ಟರ್ ಮೀಟರೂ ಏಳುತ್ತಿದ್ದು ಸದ್ದು ಮಾತ್ರ ಇಲ್ಲವೆಂದರೆ ಅರೇಂಜ್ ವಿಂಡೋ ನಿರಪರಾಧಿ. ಮೆನು ಪಟ್ಟಿಯ ಬಲ ತುದಿಯ ಬರಹ ಓದಿ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್), ಬಫರ್ (ಒಮ್ಮೆಗೆ ಸಾಗಿಸುವ ಸ್ಯಾಂಪಲ್‌ಗಳ ಸಂಖ್ಯೆ), ಲೇಟೆನ್ಸಿ (ಸದ್ದು ತಲುಪಲು ಆಗುವ ತಡ), ಡ್ರೈವರ್ ಹೆಸರು ಎಲ್ಲ ಅಲ್ಲೇ ಇರುತ್ತವೆ. ಆಡಿಯೋ ಡಿವೈಸ್ ಕ್ಲೋಸ್ಡ್ ಎಂದಿದ್ದರೆ ಅದರ ಮೇಲೆಯೇ ಒತ್ತಿದರೆ ಡಿವೈಸ್ ಆರಿಸುವ ಪುಟ ತೆರೆಯುತ್ತದೆ.

ಅಲೆಯ ಚಿತ್ರಕ್ಕೂ ಸದ್ದಿಗೂ ತಾಳೆಯಿಲ್ಲ

ಚಿತ್ರದಲ್ಲಿ ಅಲೆ ಐಟಂ ತುಂಬ ಉಬ್ಬಿದೆ, ಕೇಳಿದರೆ ಪಿಸುಮಾತು. ಅಥವಾ ಚಿತ್ರ ಸಣ್ಣ ಗೆರೆಯಂತಿದೆ, ಕೇಳಿದರೆ ಸರಿಯಾಗಿದೆ. ಶಿಫ್ಟ್ ಜೊತೆಗೆ ಮೇಲಿನ ಅಥವಾ ಕೆಳಗಿನ ಬಾಣದ ಕೀ ಒತ್ತಿರುತ್ತೀರಿ. ಅದು ಚಿತ್ರವನ್ನಷ್ಟೇ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಇದು ಗೊತ್ತಿಲ್ಲದೆ ಮೈಕ್ ಗೇನ್ ಏರಿಸುವವರಿದ್ದಾರೆ, ಆಮೇಲೆ ಮಾಡಿದ ರೆಕಾರ್ಡಿಂಗೆಲ್ಲ ಒಡೆದಿರುತ್ತದೆ. ಮಟ್ಟ ತಿಳಿಯಲು ಚಿತ್ರ ನಂಬಬೇಡಿ, ಮೀಟರಿನ ಅಂಕಿ ನೋಡಿ. ಹಾಡುವಾಗ ಅತಿ ಜೋರಾದ ಸ್ವರಗಳು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬಂದರೆ ಸಾಕು.

ಚಿತ್ರವೇ ಇಲ್ಲ, ಆದರೆ ನುಡಿಯುತ್ತಿದೆ ಎಂದರೆ ಅಲೆಯ ಚಿತ್ರಕ್ಕೆಂದು ರೀಪರ್ ಮಾಡಿಟ್ಟುಕೊಳ್ಳುವ ರಿಯಾಪೀಕ್ಸ್ ಫೈಲ್ ಕೆಟ್ಟಿದೆ, ಅಥವಾ ಫೋಲ್ಡರಿನಲ್ಲಿ ಬರೆಯಲು ಅನುಮತಿಯಿಲ್ಲ. ಆ್ಯಕ್ಷನ್ ಲಿಸ್ಟಿನಲ್ಲಿ ರೀಬಿಲ್ಡ್ ಪೀಕ್ಸ್ ಎಂದು ಹುಡುಕಿ ನಡೆಸಿ. ಆ ಪೀಕ್ಸ್ ಫೈಲುಗಳನ್ನು ಅಳಿಸಿದರೂ ನಷ್ಟವಿಲ್ಲ, ಮತ್ತೆ ಹುಟ್ಟುತ್ತವೆ. ಅಳಿಸುವಾಗ ಪಕ್ಕದ ವೇವ್ ಫೈಲಿಗೆ ಕೈ ಹೋಗದಂತೆ ನೋಡಿಕೊಳ್ಳಿ, ಅಷ್ಟೇ.

ಒಂದನ್ನು ಸರಿಸಿದರೆ ಎಲ್ಲವೂ ಸರಿಯುತ್ತವೆ. ಇಲ್ಲವೇ ಏನೂ ಸರಿಯುವುದಿಲ್ಲ

ಪಲ್ಲವಿಯ ನಂತರ ಒಂದು ಉಸಿರಾಟದ ಸದ್ದು ಕತ್ತರಿಸಿ ತೆಗೆದಿರಿ. ಆ ಜಾಗ ಸರಿಹೋಯಿತು. ಆದರೆ ಚರಣಕ್ಕೆ ಬಂದಾಗ ತಬಲಾ ಒಂದು ಕಡೆ, ಗಾಯನ ಒಂದು ಕಡೆ. ಇದು ರಿಪಲ್ ಎಡಿಟಿಂಗ್ ಕೆಲಸ, ಒಂದನ್ನು ತೆಗೆದರೆ ಮುಂದಿನವೂ ಹಿಂದಕ್ಕೆ ಸರಿಯುವ ಮೋಡ್ ಅದು. ಆಲ್ಟ್-ಪಿ ಒತ್ತಿದಾಗಲೆಲ್ಲ ರಿಪಲ್ ಇಲ್ಲ, ಆ ಟ್ರ್ಯಾಕಿಗೆ ಮಾತ್ರ, ಎಲ್ಲ ಟ್ರ್ಯಾಕಿಗೂ ಎಂಬ ಮೂರು ಸ್ಥಿತಿಗಳು ಸುತ್ತುತ್ತವೆ. ಆ ಟ್ರ್ಯಾಕಿಗೆ ಮಾತ್ರ ಎಂಬುದೇ ಹೆಚ್ಚು ಅಪಾಯಕಾರಿ. ಎಲ್ಲವೂ ಒಟ್ಟಿಗೆ ಸರಿದರೆ ತಕ್ಷಣ ತಿಳಿಯುತ್ತದೆ. ಒಂದೇ ಟ್ರ್ಯಾಕ್ 300 ಮಿಲಿಸೆಕೆಂಡ್ ಹಿಂದೆ ಬಂದದ್ದು ಎರಡು ನಿಮಿಷ ಮುಂದೆ ಹೋಗಿ ಕೇಳುವವರೆಗೆ ಗೊತ್ತೇ ಆಗುವುದಿಲ್ಲ. ಟೂಲ್‌ಬಾರಿನ ರಿಪಲ್ ಗುಂಡಿ ಬೆಳಗಿದೆಯೇ ನೋಡಿ, ಆಫ್ ಮಾಡಿ, ಆಮೇಲೆ ಅನ್‌ಡೂ ಹಿಸ್ಟರಿಯಲ್ಲಿ ಆ ಕತ್ತರಿಗಿಂತ ಮುಂಚಿನ ಸಾಲಿಗೆ ಮರಳಿ. ಕೈಯಿಂದ ಎಳೆದು ಹೊಂದಿಸಲು ಹೋಗಬೇಡಿ, ಕತ್ತರಿಸಿದಷ್ಟು ಜಾಗ ಕಣ್ಣಂದಾಜಿಗೆ ಸಿಗುವುದಿಲ್ಲ.

ಎರಡು ಮೂರು ಐಟಂಗಳು ಮಾತ್ರ ಒಟ್ಟಿಗೆ ಓಡಾಡುತ್ತಿದ್ದರೆ ಅದು ರಿಪಲ್ ಅಲ್ಲ, ಗ್ರೂಪ್. ಅವನ್ನು ಆರಿಸಿ ಯು ಒತ್ತಿದರೆ ಬಿಡಿಬಿಡಿಯಾಗುತ್ತವೆ.

ಐಟಂ ಸರಿಯುವುದೇ ಇಲ್ಲವೆಂದರೆ ಎಲ್ ಕೀಯನ್ನು ಅನುಮಾನಿಸಿ. ಆ ಒಂದು ಅಕ್ಷರ ಲಾಕನ್ನು ಆನ್-ಆಫ್ ಮಾಡುತ್ತದೆ. ಟ್ರ್ಯಾಕಿಗೆ ಹೆಸರು ಬರೆಯುತ್ತೇನೆಂದುಕೊಂಡು ಕಿಟಕಿಯ ಮೇಲೆ ಟೈಪ್ ಮಾಡಿದವರು ಇದಕ್ಕೆ ಸಿಕ್ಕಿಬೀಳುತ್ತಾರೆ. ಸರಿದರೂ ಹಾರಿ ಹಾರಿ ಕೂರುತ್ತಿದ್ದರೆ ಐಟಂಗಳನ್ನು ಗೆರೆಗೆ ಅಂಟಿಸುವ ಸ್ನ್ಯಾಪ್ ಆನ್ ಇದೆ, ಆಲ್ಟ್-ಎಸ್ ಒತ್ತಿ ಆಫ್ ಮಾಡಿ.

ಗ್ರಿಡ್ ಗೆರೆಗೂ ತಾಳಕ್ಕೂ ಹೊಂದುತ್ತಿಲ್ಲ

ನಮ್ಮ ಸುಗಮ ಸಂಗೀತ, ದೇವರನಾಮ, ಭಾವಗೀತೆ ರೆಕಾರ್ಡಿಂಗ್‌ಗಳಲ್ಲಿ ಅತಿ ಹೆಚ್ಚು ಕಾಡುವುದು ಇದೇ. ಹೊಸ ಪ್ರಾಜೆಕ್ಟ್ ತೆರೆದಾಗ ರೀಪರ್ 120 ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು), 4/4 ಎಂದು ಹಿಡಿದಿರುತ್ತದೆ. ತಬಲಾದವರು ಮೆಟ್ರೊನೋಮ್ ಇಲ್ಲದೆ ನುಡಿಸಿದ್ದರೆ ಗೆರೆಗಳಿಗೂ ಅವರ ಸಮ್‌ಗೂ ಸಂಬಂಧವೇ ಇರುವುದಿಲ್ಲ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆಲ್ಟ್-ಜಿ ಒತ್ತಿ ಗೆರೆಗಳನ್ನು ಮರೆಮಾಡಿ, ರೂಲರ್ ಮೇಲೆ ಬಲಗುಂಡಿ ಒತ್ತಿ ನಿಮಿಷ-ಸೆಕೆಂಡಿನ ಲೆಕ್ಕ ಆರಿಸಿಕೊಂಡು ಕೆಲಸ ಮುಂದುವರಿಸಿದರೆ ಸಾಕು. ಮಿಡಿ ವಾದ್ಯ ಸೇರಿಸದ ಹಾಡಿಗೆ ಗ್ರಿಡ್ ಕಡ್ಡಾಯವಲ್ಲ.

ಗ್ರಿಡ್ ಬೇಕೇ ಬೇಕೆಂದಾದರೆ ಮೊದಲು ತಾಳದ ಲೆಕ್ಕ ಸರಿಯಿದೆಯೇ ನೋಡಿ. ಮಿಶ್ರಛಾಪು 4/4ರಲ್ಲಿ ಎಂದೂ ಕೂರದು. ಟ್ರಾನ್ಸ್‌ಪೋರ್ಟ್ ಪಟ್ಟಿಯಲ್ಲಿ 7/8 ಕೊಡಿ, ಖಂಡಛಾಪು ಆದರೆ 5/8. ಬಿಪಿಎಂ ಅಂಕಿ ಕ್ವಾರ್ಟರ್ ನೋಟಿನದು ಎಂಬುದನ್ನು ಮರೆಯಬೇಡಿ: ಮಿಶ್ರಛಾಪಿನ ಏಳು ಎಣಿಕೆಗಳು ನಿಮಿಷಕ್ಕೆ 180ರ ವೇಗದಲ್ಲಿ ಬೀಳುತ್ತಿದ್ದರೆ ಅಲ್ಲಿ ಬರೆಯಬೇಕಾದದ್ದು 90. ತಾಳೆ ನೋಡುವುದು ಸುಲಭ. ಒಂದು ಆವರ್ತನವನ್ನು ಸಮ್‌ನಿಂದ ಸಮ್‌ವರೆಗೆ ರೂಲರ್ ಮೇಲೆ ಎಳೆದು ಆರಿಸಿದರೆ ಟ್ರಾನ್ಸ್‌ಪೋರ್ಟಿನಲ್ಲಿ ಅದರ ಉದ್ದ ಕಾಣುತ್ತದೆ, ಈ ವೇಗಕ್ಕೆ 2.333 ಸೆಕೆಂಡ್ ಬರಬೇಕು. ದುಪ್ಪಟ್ಟೋ ಅರ್ಧವೋ ಬಂದರೆ 90, 180ರ ಗೊಂದಲ.

ಇನ್ನು ಬಿಪಿಎಂ ಬದಲಿಸುವ ಕ್ಷಣ. ಇಲ್ಲಿ ನಿಧಾನಿಸಿ. ಹಾಡು ರೆಕಾರ್ಡ್ ಆದ ಮೇಲೆ ಅಂಕಿ ಬದಲಿಸಿದರೆ ರೀಪರ್ ಆಡಿಯೋವನ್ನೂ ಜೊತೆಗೆ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಮೂಲ ಸೆಟ್ಟಿಂಗೇ ಹಾಗಿದೆ. ಗಾಯಕಿಯ ದನಿ ನೀರೊಳಗಿಂದ ಬಂದಂತೆ ನಡುಗುವುದು ಆಗಲೇ. ಅನುಮಾನವಿದ್ದರೆ ಐಟಂ ಮೇಲೆ ಎಫ್2 ಒತ್ತಿ ಪ್ಲೇಬ್ಯಾಕ್ ರೇಟ್ ಓದಿ. 1.0 ಇರಬೇಕಾದ ಕಡೆ 0.833333 ಕಂಡರೆ 120ರಲ್ಲಿದ್ದ ಪ್ರಾಜೆಕ್ಟನ್ನು ಯಾರೋ 100ಕ್ಕೆ ಇಳಿಸಿದ್ದಾರೆ ಎಂದೇ ತಿಳಿಯಿರಿ, 100ನ್ನು 120ರಿಂದ ಭಾಗಿಸಿದರೆ ಬರುವುದು ಅದೇ ಅಂಕಿ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಆಲ್ಟ್-ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದು, ಐಟಂಗಳ ಟೈಮ್‌ಬೇಸನ್ನು (ಐಟಂ ಯಾವುದಕ್ಕೆ ಅಂಟಿರಬೇಕು, ಸಮಯಕ್ಕೋ ತಾಳಕ್ಕೋ ಎಂಬುದು) ಟೈಮ್ ಎಂದು ಮಾಡಿ. ಆಮೇಲೆ ಬಿಪಿಎಂ ಬದಲಿಸಿ. ಹಾಗೆ ಮಾಡಿದರೆ ಗೆರೆಗಳು ಸರಿಯುತ್ತವೆ, ದನಿ ಇದ್ದಲ್ಲೇ ಇರುತ್ತದೆ. ನುಡಿಸಿದವರ ಕಾಲಪ್ರಮಾಣ ನಡುನಡುವೆ ಏರಿಳಿದಿದ್ದರೆ ಒಂದು ಆವರ್ತನ ಆರಿಸಿ, ಇನ್‌ಸರ್ಟ್ ಮೆನುವಿನಲ್ಲಿ ಆರಿಸಿದ ಸಮಯದಿಂದ ಮೆಷರ್ ಮಾಡುವ ಆಯ್ಕೆ ಬಳಸಿ. ಎಂಟು ಹತ್ತು ಆವರ್ತನಕ್ಕೊಮ್ಮೆ ಮಾಡಿದರೆ ಸಾಕಾಗುತ್ತದೆ. ಪ್ರತಿ ಆವರ್ತನಕ್ಕೂ ಟೆಂಪೋ ಮಾರ್ಕರ್ ಹೊಡೆದರೆ ಮೇಲೆ ಹಾಕುವ ಮಿಡಿ ತಾಳ ಎಳೆದಾಡಿದಂತೆ ಕೇಳುತ್ತದೆ.

ಹಾಡಿದ್ದು ಕರೋಕೆ ಟ್ರ್ಯಾಕಿಗಿಂತ ಹಿಂದೆ ಬೀಳುತ್ತದೆ

ಒಂದೇ ಪ್ರಶ್ನೆಯಿಂದ ಶುರು ಮಾಡಿ: ಹಾಡಿನ ಮೊದಲ ಸಾಲಿನಲ್ಲಿ ಎಷ್ಟು ಹಿಂದಿದೆಯೋ ಕೊನೆಯ ಸಾಲಿನಲ್ಲೂ ಅಷ್ಟೇ ಹಿಂದಿದೆಯೇ, ಅಥವಾ ಹೋಗುತ್ತ ಹೋಗುತ್ತ ಅಂತರ ಬೆಳೆಯುತ್ತಿದೆಯೇ?

ಅಂತರ ಉದ್ದಕ್ಕೂ ಒಂದೇ ಆಗಿದ್ದರೆ ಲೇಟೆನ್ಸಿ. ಖರ್ಚಿಲ್ಲದ ಪರೀಕ್ಷೆ ಮೊದಲು: ಬ್ಲೂಟೂತ್ ಹೆಡ್‌ಫೋನ್ ಇದ್ದರೆ ತೆಗೆದು ತಂತಿಯದು ಹಾಕಿ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಲುಪುವುದೇ 100 ಮಿಲಿಸೆಕೆಂಡಿಗಿಂತ ತಡವಾಗುವುದು ಮಾಮೂಲು, ಕೇಳಿ ಹಾಡುವವರು ಅಷ್ಟೇ ತಡವಾಗಿ ಹಾಡುತ್ತಾರೆ. ಗಾಯಕರದೂ ತಪ್ಪಿಲ್ಲ, ರೀಪರ್‌ನದೂ ಇಲ್ಲ. ಎರಡನೆಯದು ಡ್ರೈವರ್. ಪ್ರಿಫರೆನ್ಸಸ್, ಆಡಿಯೋ, ಡಿವೈಸ್ ಪುಟದಲ್ಲಿ ಆಡಿಯೋ ಇಂಟರ್‌ಫೇಸಿನ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸ್ವಂತ ಎಎಸ್‌ಐಒ (ASIO) ಡ್ರೈವರ್ ಆರಿಸಿ; ಲ್ಯಾಪ್‌ಟಾಪಿನದೇ ಸೌಂಡ್ ಕಾರ್ಡ್ ಆದರೆ ವಾಸಪಿ (WASAPI) ಆರಿಸಿ. ವೇವ್‌ಔಟ್ ಬೇಡ. ಬಫರ್ 256 ಸ್ಯಾಂಪಲ್ ಇಟ್ಟರೆ 48000 ರೇಟಿನಲ್ಲಿ 5.3 ಮಿಲಿಸೆಕೆಂಡ್, 1024 ಇಟ್ಟರೆ 21.3. ಇದು ಒಂದು ದಿಕ್ಕಿನ ಲೆಕ್ಕ, ಹೋಗಿ ಬರುವುದಕ್ಕೆ ಸುಮಾರು ಎರಡರಷ್ಟು.

ಇಷ್ಟಾದರೂ ಸಣ್ಣ ಅಂತರ ಉಳಿದರೆ ಕೇಬಲ್ ಪರೀಕ್ಷೆ ಮಾಡಿ. ಸ್ಪೀಕರ್ ಆಫ್ ಮಾಡಿ, ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಆಫ್ ಮಾಡಿ, ರೆಕಾರ್ಡ್ ಮಾಡಲಿರುವ ಎರಡನೇ ಟ್ರ್ಯಾಕಿನ ಇನ್‌ಪುಟ್ ಮಾನಿಟರಿಂಗ್ ಆಫ್ ಮಾಡಿ. ಈ ಮೂರರಲ್ಲಿ ಕೊನೆಯದನ್ನು ಮರೆತರೆ ಸದ್ದು ಸುತ್ತಿ ಸುತ್ತಿ ಕಿರುಚುತ್ತದೆ. ಇಂಟರ್‌ಫೇಸಿನ ಲೈನ್ ಔಟನ್ನು ಅದರದೇ ಲೈನ್ ಇನ್‌ಗೆ ಒಂದು ಕೇಬಲಿನಿಂದ ಜೋಡಿಸಿ. ಮೊದಲ ಟ್ರ್ಯಾಕಿನಲ್ಲಿ ಇನ್‌ಸರ್ಟ್ ಮೆನುವಿನಿಂದ ಕ್ಲಿಕ್ ಸೋರ್ಸ್ ಹಾಕಿ, ಎರಡನೆಯದರಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ರೂಲರನ್ನು ಸ್ಯಾಂಪಲ್ ಲೆಕ್ಕಕ್ಕೆ ತಿರುಗಿಸಿ, ಕ್ಲಿಕ್ಕಿನ ತಲೆ ಕಾಣುವಷ್ಟು ಝೂಮ್ ಮಾಡಿ ಎರಡರ ನಡುವಿನ ಅಂತರ ಅಳೆಯಿರಿ. 210 ಸ್ಯಾಂಪಲ್ ಬಂತೆನ್ನಿ, 48000 ರೇಟಿನಲ್ಲಿ ಅದು 4.4 ಮಿಲಿಸೆಕೆಂಡ್. ಪ್ರಿಫರೆನ್ಸಸ್‌ನ ರೆಕಾರ್ಡಿಂಗ್ ಪುಟದಲ್ಲಿ ಮ್ಯಾನುಯಲ್ ಆಫ್‌ಸೆಟ್ ಜಾಗದಲ್ಲಿ ಆ ಅಂಕಿ ಕೊಟ್ಟು ಮತ್ತೆ ರೆಕಾರ್ಡ್ ಮಾಡಿ. ಅಂತರ ಸೊನ್ನೆಯಾದರೆ ಮುಗಿಯಿತು. ದುಪ್ಪಟ್ಟಾದರೆ ಅಂಕಿಯ ಮುಂದೆ ಮೈನಸ್ ಹಾಕಿ.

ಅಂತರ ಬೆಳೆಯುತ್ತ ಹೋಗುತ್ತಿದ್ದರೆ ಇವುಗಳಿಂದ ಏನೂ ಸರಿಹೋಗದು, ಕಾರಣವೇ ಬೇರೆ. ಐಟಂನ ಪ್ಲೇಬ್ಯಾಕ್ ರೇಟ್ 1.0 ಇದೆಯೇ ನೋಡಿ. ಹಾಡಿನ ಶ್ರುತಿಯೂ ಏರಿದ್ದರೆ ಸ್ಯಾಂಪಲ್ ರೇಟಿನ ಗೊಂದಲ: 44100ರಲ್ಲಿ ರೆಕಾರ್ಡ್ ಆದದ್ದನ್ನು ಡಿವೈಸ್ 48000 ಎಂದು ನುಡಿಸಿದರೆ 4 ನಿಮಿಷದ ಹಾಡು 19.5 ಸೆಕೆಂಡ್ ಮೊದಲೇ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್ ಮತ್ತು ಇಂಟರ್‌ಫೇಸಿನ ಕಂಟ್ರೋಲ್ ಪ್ಯಾನೆಲ್ ಎರಡರಲ್ಲೂ ಒಂದೇ ರೇಟ್ ಇರಲಿ.

ಕಚೇರಿಯನ್ನು ಮೊಬೈಲಿನಲ್ಲೊಂದು, ಮಿಕ್ಸರಿನಿಂದೊಂದು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಜೋಡಿಸುವವರಿಗೆ ಮತ್ತೊಂದು ತೊಡಕು. ಎರಡು ಯಂತ್ರಗಳ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗ ವ್ಯತ್ಯಾಸವಾದರೂ ಎರಡು ಗಂಟೆಯ ಕೊನೆಗೆ 144 ಮಿಲಿಸೆಕೆಂಡ್ ಅಂತರ, ಮೃದಂಗದ ಪೆಟ್ಟು ಎರಡೆರಡಾಗಿ ಕೇಳಲು ಅಷ್ಟು ಸಾಕು. ಶುರುವಿನಲ್ಲಿ ಒಂದು ಚಪ್ಪಾಳೆ ಹೊಂದಿಸಿ, ಕೊನೆಯಲ್ಲಿ ಆಲ್ಟ್ ಹಿಡಿದು ಐಟಂನ ಅಂಚು ಎಳೆದು ಹೊಂದಿಸಿ. ನಾಲ್ಕು ನಿಮಿಷದ ಹಾಡಿನಲ್ಲಿ ಇದೇ ವ್ಯತ್ಯಾಸ 5 ಮಿಲಿಸೆಕೆಂಡೂ ಆಗುವುದಿಲ್ಲ, ಅಲ್ಲಿ ಗಡಿಯಾರದ ಮೇಲೆ ಗೂಬೆ ಕೂರಿಸಬೇಡಿ.

ರೆಕಾರ್ಡ್ ಒತ್ತಿದರೂ ಐಟಂ ಮೂಡುವುದಿಲ್ಲ

ಟ್ರ್ಯಾಕನ್ನು ರೆಕಾರ್ಡಿಗೆ ಅಣಿಗೊಳಿಸುವ ಆರ್ಮ್ ಗುಂಡಿ ಕೆಂಪಾಗಿರಬೇಕು, ಹಾಡಿದಾಗ ಅದರ ಮೀಟರ್ ಏಳಬೇಕು. ಏಳದಿದ್ದರೆ ಇನ್‌ಪುಟ್ ಸಂಖ್ಯೆ ತಪ್ಪಿರಬಹುದು. ಮೈಕ್ 2ನೇ ಸಾಕೆಟ್ಟಿನಲ್ಲಿದ್ದು ಟ್ರ್ಯಾಕ್ 1ನ್ನು ಕೇಳುತ್ತಿರುತ್ತದೆ. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಬೇಕು. ಗೇನ್ ಮತ್ತು ಹೆಡ್‌ಫೋನ್ ಇಳಿಸಿ, ಕೇಬಲ್ ಹಾಕಿದ ಮೇಲೆ ಅದನ್ನು ಆನ್ ಮಾಡಿ. ರಿಬ್ಬನ್ ಮೈಕ್ ಜೋಡಿಸಿದ್ದರೆ ಆನ್ ಮಾಡಲೇಬೇಡಿ, ಕೆಲವು ಹಾಳಾಗುತ್ತವೆ. ವಿಂಡೋಸ್ ಮತ್ತು ಮ್ಯಾಕ್‌ನ ಪ್ರೈವಸಿ ಸೆಟ್ಟಿಂಗಿನಲ್ಲಿ ಮೈಕ್ರೊಫೋನ್ ಅನುಮತಿಯನ್ನೂ ನೋಡಿ.

ಮೀಟರ್ ಏಳುತ್ತದೆ, ಆದರೂ ಏನೂ ಬರೆಯುವುದಿಲ್ಲ ಎಂದರೆ ಎರಡು ಮೋಡ್‌ಗಳನ್ನು ನೋಡಿ. ಆರ್ಮ್ ಗುಂಡಿಯ ಮೇಲೆ ಬಲಗುಂಡಿ ಒತ್ತಿದಾಗ ರೆಕಾರ್ಡ್ ಡಿಸೇಬಲ್, ಮಾನಿಟರಿಂಗ್ ಮಾತ್ರ ಎಂಬುದಕ್ಕೆ ಗುರುತಿದ್ದರೆ ಇನ್‌ಪುಟ್ ಆಯ್ಕೆಗೆ ಬದಲಿಸಿ. ಟ್ರಾನ್ಸ್‌ಪೋರ್ಟಿನ ರೆಕಾರ್ಡ್ ಗುಂಡಿಯ ಮೇಲೆ ಬಲಗುಂಡಿ ಒತ್ತಿದಾಗ ಆಟೋ ಪಂಚ್ ಆರಿಸಿದ್ದರೆ ಗುರುತು ಹಾಕಿದ ಸಮಯದೊಳಗೆ ಮಾತ್ರ ರೆಕಾರ್ಡ್ ಆಗುತ್ತದೆ, ಹೊರಗೆ ಎಷ್ಟು ಹಾಡಿದರೂ ಇಲ್ಲ. ನಾರ್ಮಲ್‌ಗೆ ತನ್ನಿ.

ಡಿಸ್ಕ್ ತುಂಬಿದ್ದರೂ ಹೀಗಾಗುತ್ತದೆ. 24 ಬಿಟ್, 48000 ರೇಟಿನ ಒಂದು ಮೋನೊ ಟ್ರ್ಯಾಕಿಗೆ ನಿಮಿಷಕ್ಕೆ 8.64 ಎಂಬಿ, ಎಂಟು ಟ್ರ್ಯಾಕಿನ ಎರಡು ಗಂಟೆಯ ಕಚೇರಿಗೆ 8 ಜಿಬಿ ದಾಟುತ್ತದೆ. ಜಾಗ ಮಾಡಲು ಫೈಲ್ ಮೆನುವಿನ ಕ್ಲೀನ್ ಕರೆಂಟ್ ಪ್ರಾಜೆಕ್ಟ್ ಡೈರೆಕ್ಟರಿಗೆ ಹೋಗಬೇಡಿ. ಈ ಪ್ರಾಜೆಕ್ಟಿನಲ್ಲಿ ಬಳಸದ ಫೈಲುಗಳನ್ನು ಅದು ಅಳಿಸಲು ಹೊರಡುತ್ತದೆ, ಅದೇ ಫೋಲ್ಡರಿನಲ್ಲಿರುವ ಇನ್ನೊಂದು ಹಾಡಿಗೆ ಅವೇ ಆಧಾರವಾಗಿರಬಹುದು.

ಫೇಡರ್ ಇಳಿಸಿದರೆ ತಾನೇ ಏರುತ್ತದೆ

ಟ್ರ್ಯಾಕಿನ ಮೇಲೆ ವಾಲ್ಯೂಮ್ ಎನ್ವಲಪ್, ಅಂದರೆ ಸದ್ದನ್ನು ತಾನೇ ಏರಿಳಿಸುವ ಗೆರೆ ಇದೆ. ಟ್ರ್ಯಾಕ್ ಆರಿಸಿ ವಿ ಒತ್ತಿದರೆ ಗೆರೆ ಕಾಣುತ್ತದೆ. ರೀಡ್ ಮೋಡಿನಲ್ಲಿ ಫೇಡರ್ ಆ ಗೆರೆಯ ಮಾತನ್ನೇ ಕೇಳುತ್ತದೆ. ಟ್ರಿಮ್/ರೀಡ್‌ಗೆ ತಂದರೆ ಫೇಡರ್ ನಿಮ್ಮದು, ಗೆರೆಯೂ ಜೊತೆಗೆ ಕೆಲಸ ಮಾಡುತ್ತದೆ. ರೈಟ್ ಮೋಡ್ ಕಂಡರೆ ತಕ್ಷಣ ನಿಲ್ಲಿಸಿ. ಅದರಲ್ಲಿ ಸುಮ್ಮನೆ ಪ್ಲೇ ಮಾಡಿದರೂ ಹಳೆಯ ಗೆರೆ ಅಳಿಸಿ ಹೊಸದು ಬರೆಯುತ್ತ ಹೋಗುತ್ತದೆ.

ಕತ್ತರಿಸಿದಲ್ಲಿ ಟಿಕ್, ಮೌನದಲ್ಲಿ ಗುಂಯ್

ಕತ್ತರಿಸಿದ ಜಾಗದಲ್ಲಿ ಟಿಕ್ ಎನ್ನುತ್ತಿದ್ದರೆ ಐಟಂನ ಮೇಲಿನ ಮೂಲೆ ಹಿಡಿದು ಒಳಕ್ಕೆ ಎಳೆದು 5ರಿಂದ 10 ಮಿಲಿಸೆಕೆಂಡ್ ಫೇಡ್ ಕೊಡಿ. ಎರಡು ತುಣುಕು ಕೂಡುವಲ್ಲಿ ಸ್ವಲ್ಪ ಒಂದರ ಮೇಲೊಂದು ಬರಿಸಿದರೆ ಕ್ರಾಸ್‌ಫೇಡ್ ತಾನೇ ಮೂಡುತ್ತದೆ, ಮೂಡದಿದ್ದರೆ ಆಲ್ಟ್-ಎಕ್ಸ್.

ಹಾಡದ ಜಾಗದಲ್ಲಿ ಗುಂಯ್‌ಗುಡುತ್ತಿದ್ದರೆ ಅಲ್ಲಿ ಝೂಮ್ ಮಾಡಿ, ಶಿಫ್ಟ್-ಮೇಲಿನ ಬಾಣದಿಂದ ಚಿತ್ರ ಹಿಗ್ಗಿಸಿ, ಅಲೆ ಎಷ್ಟು ಸಮಯಕ್ಕೊಮ್ಮೆ ಮರುಕಳಿಸುತ್ತಿದೆ ಎಂದು ಅಳೆಯಿರಿ. 20 ಮಿಲಿಸೆಕೆಂಡಿಗೆ ಒಂದಾದರೆ ಅದು 50 ಹರ್ಟ್ಸ್, ಅಂದರೆ ಕರೆಂಟಿನದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ನೋಡಿ, ಕೇಬಲ್ ಬದಲಿಸಿ ನೋಡಿ. ಹೋಗದಿದ್ದರೆ ಮನೆಯ ಅರ್ತಿಂಗ್ ಪರೀಕ್ಷಿಸಲು ಎಲೆಕ್ಟ್ರಿಷಿಯನ್ ಕರೆಸಿ. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ತ್ ಪಿನ್ ಕತ್ತರಿಸಿದರೆ ಗುಂಯ್ ಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹೋದರೂ ಹೋದೀತು, ಆದರೆ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವ ದಾರಿಯೂ ಅದೇ. ಮಾಡಬೇಡಿ.

ರೆಂಡರ್ ಮಾಡಿದ ಫೈಲಿನಲ್ಲಿ ಅರ್ಧ ಹಾಡು

ರೆಂಡರ್ ಎಂದರೆ ಮಿಕ್ಸನ್ನು ಒಂದೇ ಆಡಿಯೋ ಫೈಲಾಗಿ ತೆಗೆಯುವುದು. ಅದಕ್ಕೆಂದು ಕಂಟ್ರೋಲ್-ಆಲ್ಟ್-ಆರ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಬೌಂಡ್ಸ್ ಎಂಬಲ್ಲಿ ಟೈಮ್ ಸೆಲೆಕ್ಷನ್ ಉಳಿದಿರುತ್ತದೆ. ಎಂಟೈರ್ ಪ್ರಾಜೆಕ್ಟ್ ಮಾಡಿ. ಪ್ಲೇ ಮಾಡುವಾಗ ಒಂದೇ ಭಾಗ ಸುತ್ತುತ್ತಿದ್ದರೂ ಅದೇ ಗುರುತಿನ ಕೆಲಸ: ಎಸ್ಕೇಪ್ ಒತ್ತಿ ಗುರುತು ತೆಗೆಯಿರಿ, ಆರ್ ಒತ್ತಿ ರಿಪೀಟ್ ಆಫ್ ಮಾಡಿ.

ಸದ್ದು ತೊದಲುತ್ತದೆ, ಕಿಟಕಿ ಎಳೆದಾಡುತ್ತದೆ

ಕಂಟ್ರೋಲ್-ಆಲ್ಟ್-ಪಿ ಒತ್ತಿದರೆ ಪರ್ಫಾರ್ಮೆನ್ಸ್ ಮೀಟರ್. ಯಾವ ಟ್ರ್ಯಾಕ್ ಎಷ್ಟು ಸಿಪಿಯು ತಿನ್ನುತ್ತಿದೆ ಎಂದು ಸಾಲಾಗಿ ತೋರಿಸುತ್ತದೆ. ಮಿಕ್ಸ್ ಮಾಡುವಾಗ ಬಫರನ್ನು 1024ಕ್ಕೆ ಏರಿಸಿ, ಆಗ ಲೇಟೆನ್ಸಿ ಲೆಕ್ಕಕ್ಕಿಲ್ಲ. ರೆಕಾರ್ಡ್ ಮುಗಿದ ಮೇಲೂ ಆರ್ಮ್ ಆಗಿಯೇ ಉಳಿದ ಟ್ರ್ಯಾಕ್‌ಗಳನ್ನು ಆಫ್ ಮಾಡಿ. ರೀಪರ್ ಪ್ಲಗಿನ್‌ಗಳ ಕೆಲಸವನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳುತ್ತದೆ, ಆರ್ಮ್ ಆದ ಟ್ರ್ಯಾಕಿಗೆ ಮಾತ್ರ ಆ ಸೌಲಭ್ಯ ಇಲ್ಲ. ಭಾರಿ ವಾದ್ಯದ ಟ್ರ್ಯಾಕನ್ನು ಬಲಗುಂಡಿ ಒತ್ತಿ ಫ್ರೀಜ್ ಮಾಡಬಹುದು, ಅಂದರೆ ತಾತ್ಕಾಲಿಕವಾಗಿ ಬರೀ ಆಡಿಯೋ ಆಗಿಸಬಹುದು. ಸಿಪಿಯು ಕಡಿಮೆಯಿದ್ದೂ ತೊದಲುತ್ತಿದ್ದರೆ ಡಿಸ್ಕ್ ಅನುಮಾನಿಸಿ: ಪೆನ್ ಡ್ರೈವ್‌ನಿಂದ, ಅಥವಾ ಇಂಟರ್ನೆಟ್ಟಿಗೆ ಸಿಂಕ್ ಆಗುವ ಫೋಲ್ಡರಿನಿಂದ ಪ್ರಾಜೆಕ್ಟ್ ನಡೆಸುತ್ತಿದ್ದರೆ ಒಳಗಿನ ಡಿಸ್ಕಿಗೆ ವರ್ಗಾಯಿಸಿ ನೋಡಿ.

ಪ್ರಾಜೆಕ್ಟ್ ತೆರೆಯುವಾಗಲೇ ಮುಚ್ಚಿಹೋಗುತ್ತದೆ, ಅಥವಾ ಫೈಲ್ ಸಿಗುತ್ತಿಲ್ಲ ಎನ್ನುತ್ತದೆ

ಫೈಲ್ ಸಿಗುತ್ತಿಲ್ಲವೆಂದರೆ ವೇವ್ ಫೈಲುಗಳ ಜಾಗ ಬದಲಾಗಿದೆ. ಕೇಳುವ ಪೆಟ್ಟಿಗೆಯಲ್ಲಿ ಹೊಸ ಫೋಲ್ಡರ್ ತೋರಿಸಿ. ತೋರಿಸದೆ ಮುಂದುವರಿದು ಮೂಲ ಹೆಸರಿಗೇ ಸೇವ್ ಮಾಡಬೇಡಿ. ಐಟಂ ಮೇಲೆ ಆಫ್‌ಲೈನ್ ಎಂದು ಬರೆದಿದ್ದರೆ ಅದನ್ನು ಆನ್‌ಲೈನ್ ಮಾಡುವ ಆ್ಯಕ್ಷನ್ ಹುಡುಕಿ ನಡೆಸಿ.

ತೆರೆಯುವಾಗಲೇ ರೀಪರ್ ಮುಚ್ಚಿಹೋದರೆ ಮೊದಲ ಅನುಮಾನ ಪ್ಲಗಿನ್ ಮೇಲೆ. ಓಪನ್ ಪೆಟ್ಟಿಗೆಯಲ್ಲಿ ಎಫ್‌ಎಕ್ಸ್ ಆಫ್‌ಲೈನ್ ಇಟ್ಟು ತೆರೆಯುವ ರಿಕವರಿ ಆಯ್ಕೆಗೆ ಗುರುತು ಹಾಕಿ ತೆರೆಯಿರಿ. ತೆರೆದರೆ ಪ್ಲಗಿನ್‌ಗಳನ್ನು ಒಂದೊಂದಾಗಿ ಆನ್‌ಲೈನ್ ಮಾಡುತ್ತ ಹೋದಂತೆ ಕಳ್ಳ ಸಿಕ್ಕಿಬೀಳುತ್ತಾನೆ. ತೆರೆಯದಿದ್ದರೆ ಅದೇ ಫೋಲ್ಡರಿನಲ್ಲಿ ಹಿಂದಿನ ಸೇವ್‌ನ ಬ್ಯಾಕಪ್ ಫೈಲ್ ಇದೆಯೇ ನೋಡಿ, ಹೆಸರಿನ ತುದಿಯಲ್ಲಿ ಬ್ಯಾಕ್ ಎಂದು ಸೇರಿರುತ್ತದೆ. ಅದರ ಪ್ರತಿ ಮಾಡಿಕೊಂಡು ಪ್ರತಿಯನ್ನು ತೆರೆಯಿರಿ. ಯಾವ ಪ್ರಾಜೆಕ್ಟೂ ತೆರೆಯದಂತಾದರೆ ವಿಂಡೋಸ್‌ನ ಸ್ಟಾರ್ಟ್ ಮೆನುವಿನಲ್ಲಿ ರೀಪರ್ ಸೆಟ್ಟಿಂಗ್‌ಗಳನ್ನು ಮೂಲ ಸ್ಥಿತಿಗೆ ತರುವ ನಮೂದು ಇದೆ. ನಿಮ್ಮ ಸ್ವಂತ ಶಾರ್ಟ್‌ಕಟ್‌ಗಳೂ ಅದರಲ್ಲಿ ಹೋಗಬಹುದು, ಕೊನೆಯ ಅಸ್ತ್ರವಾಗಿರಲಿ.

ಎಲ್ಲಿ ಕೈಬಿಡಬೇಕು

ಡಿಸ್ಕ್ ಟಕ್‌ಟಕ್ ಎನ್ನುತ್ತಿದ್ದರೆ, ವೇವ್ ಫೈಲ್ ನಕಲು ಮಾಡುವಾಗಲೇ ಸಿಕ್ಕಿಕೊಳ್ಳುತ್ತಿದ್ದರೆ ಕಂಪ್ಯೂಟರ್ ಆಫ್ ಮಾಡಿ ಡೇಟಾ ರಿಕವರಿ ಗೊತ್ತಿರುವವರಲ್ಲಿ ಒಯ್ಯಿರಿ. ಮತ್ತೆ ಮತ್ತೆ ಓಡಿಸಿದಷ್ಟೂ ಮರಳಿ ಸಿಗುವುದು ಕಡಿಮೆಯಾಗುತ್ತದೆ. ಇಂಟರ್‌ಫೇಸ್ ಸುಟ್ಟ ವಾಸನೆ ಬೀರಿದರೆ, ಕೈಗೆ ಜುಮ್ಮೆನಿಸಿದರೆ ಸ್ವಿಚ್ ಆಫ್ ಮಾಡಿ ಸರ್ವಿಸ್ ಸೆಂಟರಿಗೆ ಕೊಡಿ. ಬಿಚ್ಚಿ ನೋಡುವುದು ಬೇಡ.

ಬರೀ ಸಾಫ್ಟ್‌ವೇರ್ ತೊಡಕಾಗಿದ್ದು ಗೊತ್ತಿರುವವರನ್ನು ಕೇಳುವುದಾದರೆ ಬರೀ ಕೆಲಸ ಮಾಡ್ತಿಲ್ಲ ಎಂದು ಬರೆಯಬೇಡಿ. ರೀಪರ್ ಆವೃತ್ತಿಯ ಸಂಖ್ಯೆ, ವಿಂಡೋಸೋ ಮ್ಯಾಕೋ, ಮೆನು ಪಟ್ಟಿಯ ಬಲ ತುದಿಯ ಆ ಸಾಲು, ಅನ್‌ಡೂ ಹಿಸ್ಟರಿಯ ಕೊನೆಯ ಹತ್ತು ಸಾಲಿನ ಸ್ಕ್ರೀನ್‌ಶಾಟ್ ಕಳಿಸಿ. ಹೊಸ ಖಾಲಿ ಪ್ರಾಜೆಕ್ಟಿನಲ್ಲೂ ಅದೇ ತೊಂದರೆ ಬರುತ್ತದೆಯೇ ಎಂಬುದನ್ನು ಕಳಿಸುವ ಮುನ್ನವೇ ನೋಡಿ ಅದನ್ನೂ ಬರೆಯಿರಿ. ಪ್ರಾಜೆಕ್ಟ್ ಫೈಲ್ ಬರೀ ಅಕ್ಷರಗಳ ಫೈಲ್, ಗಾತ್ರ ಚಿಕ್ಕದು, ವಾಟ್ಸಾಪ್‌ನಲ್ಲೇ ಹೋಗುತ್ತದೆ. ವೇವ್ ಫೈಲುಗಳನ್ನು ಅವರು ಕೇಳಿದರೆ ಮಾತ್ರ ಕಳಿಸಿದರಾಯಿತು.